ಮಳೆಗಾಲಕ್ಕೆ ಕಟ್ಟಿಗೆ, ಕಷ್ಟಕಾಲಕ್ಕೆ ಕಾಸು

(ಲಾಕ್‌ಡೌನ್ ದಿನಗಳಿಂದ ಸಣ್ಣ ಬೆಳೆಗಾರನ ಮನೆ ಕಲಿಯಬೇಕಾದ ಗೃಹಲೆಕ್ಕ)



ಮಲೆನಾಡು ಮತ್ತು ಕರಾವಳಿಯ ತೋಟದ ಮನೆಗಳಿಗೆ ದಾರಿ ಮುಚ್ಚುವುದು ಹೊಸ ಸಂಗತಿಯೇನಲ್ಲ. ಹೊಳೆಗಳಿಗೆ ಸೇತುವೆ ಇಲ್ಲದಿದ್ದ ಕಾಲದಲ್ಲಿ ಮಳೆಗಾಲ ಕಳೆಯುವವರೆಗೆ ಪೇಟೆಯ ಮುಖ ಕಾಣದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದವು. ಆದುದರಿಂದಲೇ ನಮ್ಮ ಹಿರಿಯರು ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲೇ ಅಕ್ಕಿಮುಡಿ ಕಟ್ಟಿ, ಕಟ್ಟಿಗೆ ಒಟ್ಟಿ, ಉಪ್ಪು, ಹುಣಸೆಹುಳಿ, ಬೆಲ್ಲ, ಒಣಮೆಣಸು ಕೂಡಿಟ್ಟು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಡಬ್ಬ ಭರಣಿಗಳಲ್ಲಿ ತುಂಬಿಡುತ್ತಿದ್ದರು. ಇದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಮಳೆ ಕಲಿಸಿತು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬಂದುದೂ ಒಂದು ಬಗೆಯ ಮಳೆಗಾಲವೇ. ಆದರೆ ಅದು ಮುನ್ಸೂಚನೆ ಕೊಡದೆ, ಕಡುಬೇಸಿಗೆಯಲ್ಲಿ ಬಂತು. ಮೊದಲು 21 ದಿನವೆಂದರು. ಮೇ 3ಕ್ಕೆ, ಮೇ 17ಕ್ಕೆ, ಕೊನೆಗೆ ಮೇ 31ಕ್ಕೆ ಮುಂದೂಡಿದರು. ಒಟ್ಟು 68 ದಿನ. 2021ರ ಏಪ್ರಿಲ್ 27ರಿಂದ ನಮ್ಮ ರಾಜ್ಯದಲ್ಲಿ ಮತ್ತೊಮ್ಮೆ ಬಾಗಿಲು ಮುಚ್ಚಿತು. ಆ ದಿನಗಳನ್ನು ಈಗ ಹಿಂದಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತೋಟದ ಮನೆಗಳಲ್ಲಿ ಅಕ್ಕಿಗೆ ಅಷ್ಟಾಗಿ ತೊಂದರೆ ಬರಲಿಲ್ಲ. ತೊಂದರೆ ಬಂದದ್ದು ಕಾಸಿಗೆ. ಅಂಗಳದಲ್ಲಿ ಅಡಿಕೆ ಇತ್ತು, ಅಟ್ಟದಲ್ಲಿ ಕಾಳುಮೆಣಸಿತ್ತು, ಮೂಟೆಯಲ್ಲಿ ಕಾಫಿ ಇತ್ತು. ಆದರೆ ಔಷಧಿ ಅಂಗಡಿಗೆ ಕೊಡಲು ಐನೂರು ರೂಪಾಯಿ ಇರಲಿಲ್ಲ.

ಜೀನಸನ್ನು ಕೂಡಿಡುವ ವಿದ್ಯೆ ನಮಗೆ ಗೊತ್ತು. ನಗದನ್ನು ಅದೇ ಶಿಸ್ತಿನಿಂದ ಕೂಡಿಡುವ ವಿದ್ಯೆಯನ್ನು ನಾವು ರೂಢಿಸಿಕೊಳ್ಳಬೇಕಾಗಿದೆ. ಈ ಪಾಠದ ತಿರುಳು ಇಷ್ಟೇ.

ಕೋವಿಡ್ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿದೆ, ಇನ್ನೇಕೆ ಈ ಮಾತು ಎಂದು ಕೇಳಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗಲೂ ದಾರಿ ಮುಚ್ಚಿತ್ತು. ಸಾಗರ ತಾಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ಜನ ತೋಟ ಕಾಡಿಗೆ ಕಾಲಿಡಲು ಅಂಜಿದ್ದರು. ಕಾರಣ ಬೇರೆಯಾಗಬಹುದು; ಮನೆಗೆ ಬೀಳುವ ಪೆಟ್ಟು ಒಂದೇ.

ನಮ್ಮ ಆದಾಯದ ಸ್ವಭಾವ

ಸಂಬಳದವನಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ನಮಗೆ ವರ್ಷಕ್ಕೆ ಒಂದೆರಡು ಬಾರಿ ಬರುತ್ತದೆ. ಖರ್ಚು ಮಾತ್ರ ಪ್ರತಿದಿನವೂ ಇರುತ್ತದೆ. ಕಾಫಿ ಬೆಳೆಗಾರರಲ್ಲಿ ಹಿರಿಯರಿಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ನೆನಪಿರಬಹುದು. ಆಗ ಹಣ ಕಂತು ಕಂತಾಗಿ ಬರುತ್ತಿತ್ತು. ತಡವಾಗುತ್ತದೆಂಬ ದೂರು ನ್ಯಾಯವಾದುದೇ ಆಗಿದ್ದರೂ, ಮನೆಯ ಮಟ್ಟಿಗೆ ಅದು ತಾನಾಗಿಯೇ ಒಂದು ಉಳಿತಾಯವಾಗುತ್ತಿತ್ತು. ಆ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಈಗ ಮಾರಿದ ದಿನವೇ ಹಣ ಕೈಗೆ ಬರುತ್ತದೆ. ಅದನ್ನು ಕಂತು ಮಾಡಿಕೊಳ್ಳುವ ಹೊಣೆ ನಮ್ಮದೇ ಆಗಿದೆ.

ಲಾಕ್‌ಡೌನ್ ಬಂದ ಸಮಯವನ್ನೂ ಗಮನಿಸಬೇಕು. ಮಾರ್ಚ್ ಕೊನೆಯೆಂದರೆ ಕಾಫಿ ಕೊಯ್ಲು ಮುಗಿದು ಕೂಲಿ ಬಟವಾಡೆಯಾಗಿ ಕೈ ಬರಿದಾಗುವ ಹೊತ್ತು. ಕರಾವಳಿಯಲ್ಲಿ ಚಾಲಿ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿರುವ ಹೊತ್ತು. ಬೆಳೆಸಾಲ ತೀರಿಸುವ ಗಡುವೂ ಆಗಲೇ. ಮಾರುಕಟ್ಟೆಗಳು ಮುಚ್ಚಿದವು, ಅಡಿಕೆ ಹೋಗುವ ಉತ್ತರ ಭಾರತದ ಊರುಗಳಲ್ಲಿ ಪಾನ್ ಅಂಗಡಿಗಳು ಮುಚ್ಚಿದವು, ಲಾರಿಗಳು ನಿಂತವು. ಕಾಸರಗೋಡಿನ ನಮ್ಮ ಬೆಳೆಗಾರರಿಗಂತೂ ಮಂಗಳೂರಿನ ದಾರಿಯೇ ತಲಪಾಡಿಯಲ್ಲಿ ಕಡಿದುಹೋಯಿತು. ತಿಂಗಳ ಖರ್ಚಿಗೆ ನಗದು ಇದ್ದವರು ಅಡಿಕೆಯನ್ನು ಚೀಲದಲ್ಲಿ ಕಟ್ಟಿಟ್ಟು ಕಾದರು; ಇಲ್ಲದವರು ಮನೆ ಬಾಗಿಲಿಗೆ ಬಂದವನು ಹೇಳಿದ ಬೆಲೆಗೆ ಕೊಟ್ಟರು. ಲಾಕ್‌ಡೌನ್ ತೆರವಾದ ಮೇಲೆ ಅಡಿಕೆಯ ಧಾರಣೆ ಏರುತ್ತಲೇ ಹೋಯಿತು. ಒಂದೇ ಊರಿನ, ಒಂದೇ ಅಳತೆಯ ಎರಡು ತೋಟಗಳಲ್ಲಿ ಒಂದು ಮನೆ ಚೇತರಿಸಿಕೊಂಡು ಇನ್ನೊಂದು ಸಾಲಕ್ಕೆ ಬಿದ್ದಿತೆಂದರೆ, ಅಂತರವಿದ್ದುದು ಬೆಳೆಯಲ್ಲಲ್ಲ, ಡಬ್ಬದಲ್ಲಿದ್ದ ಕಾಸಿನಲ್ಲಿ.

ಮೊದಲ ಹೆಜ್ಜೆ: ಮನೆಯ ಲೆಕ್ಕವನ್ನು ತೋಟದ ಲೆಕ್ಕದಿಂದ ಬೇರೆ ಮಾಡುವುದು

ಗೊಬ್ಬರದ ಬಿಲ್ಲೂ ಮಗಳ ಶಾಲೆಯ ಶುಲ್ಕವೂ ಒಂದೇ ಜೇಬಿನಿಂದ ಹೋಗುತ್ತಿದ್ದರೆ ಎರಡರ ಅಳತೆಯೂ ಸಿಗುವುದಿಲ್ಲ. ಎರಡು ನೋಟುಪುಸ್ತಕಗಳನ್ನು ಇಡತಕ್ಕದ್ದು. ಮನೆಯ ಪುಸ್ತಕವನ್ನು ಅಡುಗೆಮನೆ ನೋಡಿಕೊಳ್ಳುವವರೇ ಬರೆಯುವುದು ಲೇಸು. ಎಣ್ಣೆ ಎಷ್ಟು ದಿನ ಬರುತ್ತದೆ, ಬೇಳೆ ಎಂದು ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಜಮಾನನಿಗೆ ಗೊತ್ತಿರುವುದಿಲ್ಲ.

ಉದಾಹರಣೆಗೆ ಎರಡು ಎಕರೆ ತೋಟ, ಒಂದು ಹಸು, ಐದು ಮಂದಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಿಂಗಳ ಖರ್ಚು ಹೀಗಿರಲಿ:

ದಿನಸಿ ಸಾಮಾನು — 5,000 ರೂ.
ಗ್ಯಾಸ್ — 1,000 ರೂ.
ಕರೆಂಟು ಮತ್ತು ಫೋನು — 1,000 ರೂ.
ಹಿರಿಯರ ಔಷಧಿ — 1,500 ರೂ.
ಹಿಂಡಿ, ಪಶು ಆಹಾರ — 2,000 ರೂ.
ಮಕ್ಕಳ ಓದು — 2,000 ರೂ.
ಬಸ್ಸು, ಪೆಟ್ರೋಲು — 1,000 ರೂ.
ಸಾಬೂನು, ಬಟ್ಟೆ, ಇತರ — 1,500 ರೂ.
ಒಟ್ಟು — 15,000 ರೂ.

ದಾರಿ ಮುಚ್ಚಿದ ತಿಂಗಳಲ್ಲಿ ಇದರಲ್ಲಿ ಯಾವುದು ತಾನಾಗಿ ನಿಲ್ಲುತ್ತದೆ, ಯಾವುದು ನಿಲ್ಲುವುದೇ ಇಲ್ಲ ಎಂದು ಗುರುತು ಹಾಕಬೇಕು. ಬಸ್ಸಿನ ಖರ್ಚು ಇಲ್ಲವಾಗುತ್ತದೆ. ಓದಿನ ಖರ್ಚು 500ಕ್ಕೂ, ಇತರ ಖರ್ಚು 500ಕ್ಕೂ ಇಳಿಯಬಹುದು. ದಿನಸಿ, ಗ್ಯಾಸ್, ಕರೆಂಟು, ಔಷಧಿ, ಹಿಂಡಿ ಇಳಿಯುವುದಿಲ್ಲ. ಆಗ ಈ ಮನೆಯ ‘ನಿಲ್ಲಿಸಲಾಗದ ಖರ್ಚು’ ತಿಂಗಳಿಗೆ 11,500 ರೂ. ಪ್ರತಿ ಮನೆಯೂ ತನ್ನದೇ ಅಂಕಿಗಳನ್ನು ಹಾಕಿ ಈ ಮೊತ್ತವನ್ನು ಕಂಡುಕೊಳ್ಳಬೇಕು.

ಎರಡನೆಯ ಹೆಜ್ಜೆ: ನಾಲ್ಕು ತಿಂಗಳ ಮೀಸಲು

2020ರ ಲಾಕ್‌ಡೌನ್ ಎರಡು ತಿಂಗಳ ಮೇಲೆ ಒಂದು ವಾರ ನಡೆಯಿತು. ಮಾರುಕಟ್ಟೆ ಪೂರ್ತಿ ಹದಕ್ಕೆ ಬರಲು ಮತ್ತಷ್ಟು ದಿನ ಬೇಕಾಯಿತು. ಆದುದರಿಂದ ನಾಲ್ಕು ತಿಂಗಳ ಮೀಸಲು ಇರಬೇಕೆಂದು ನಮ್ಮ ಸಲಹೆ. ಮೇಲಿನ ಮನೆಗೆ ಅದು 46,000 ರೂ. ದೊಡ್ಡ ಮೊತ್ತವೆನಿಸಬಹುದು. ಆದರೆ ಲೆಕ್ಕಕ್ಕಾಗಿ ಅಡಿಕೆ ಕಿಲೋಗೆ 250 ರೂ. ಎಂದಿಟ್ಟುಕೊಂಡರೂ ಅದು 184 ಕಿಲೋ ಅಡಿಕೆ, ಎರಡು ಕ್ವಿಂಟಾಲಿಗೂ ಕಡಿಮೆ.

ಇದನ್ನು ಒಂದೇ ವರ್ಷದಲ್ಲಿ ತುಂಬಿಸಬೇಕಾಗಿಲ್ಲ. ಪ್ರತಿ ಮಾರಾಟದಲ್ಲೂ ನೂರಕ್ಕೆ ಹತ್ತು ರೂಪಾಯಿಯನ್ನು, ಸಾಲದ ಕಂತಿಗೂ ಗೊಬ್ಬರಕ್ಕೂ ಮೊದಲು, ಎತ್ತಿಡಬೇಕು. ವರ್ಷಕ್ಕೆ 3 ಲಕ್ಷ ರೂ. ಮಾರಾಟವಿರುವ ಮನೆಯಲ್ಲಿ ಎರಡನೆಯ ವರ್ಷದೊಳಗೆ ಮೀಸಲು ತುಂಬುತ್ತದೆ. ಉಳಿದುದನ್ನು ಎತ್ತಿಡುತ್ತೇವೆ ಎಂದವರ ಬಳಿ ಏನೂ ಉಳಿಯುವುದಿಲ್ಲ. ಇದು ಎಲ್ಲರ ಅನುಭವದ ಮಾತು.

ಎಲ್ಲಿಡಬೇಕು? ಹದಿನೈದು ದಿನದ ಖರ್ಚು ಮನೆಯಲ್ಲಿ ನಗದಾಗಿ, ಅದೂ ಸಣ್ಣ ನೋಟುಗಳಲ್ಲಿ. ಒಂದೂವರೆ ತಿಂಗಳದ್ದು ಉಳಿತಾಯ ಖಾತೆಯಲ್ಲಿ. ಉಳಿದ ಎರಡು ತಿಂಗಳದ್ದು ಎರಡು ಬೇರೆ ಬೇರೆ ಠೇವಣಿ ರಶೀದಿಗಳಲ್ಲಿ. ಬೇಕಾದಾಗ ಒಂದನ್ನು ಮಾತ್ರ ಮುರಿಸಿದರೆ ಸಾಕು. ಬ್ಯಾಂಕುಗಳಲ್ಲಿ ಪ್ರತಿ ಠೇವಣಿದಾರನ 5 ಲಕ್ಷ ರೂ.ವರೆಗಿನ ಹಣಕ್ಕೆ 2020ರ ಫೆಬ್ರವರಿಯಿಂದ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಸಲ್ಲುತ್ತದೆ, ಪ್ರಾಥಮಿಕ ಸಂಘಗಳಿಗೆ ಸಲ್ಲುವುದಿಲ್ಲ. ಆದುದರಿಂದ ಸಂಘದಲ್ಲಿ ಠೇವಣಿ ಇಡುವ ಸದಸ್ಯರು ಮಹಾಸಭೆಗೆ ಬಂದು ಲೆಕ್ಕಪರಿಶೋಧನೆಯ ವರದಿಯನ್ನು ಓದುವುದು, ಪ್ರಶ್ನೆ ಕೇಳುವುದು ತಮ್ಮ ಕರ್ತವ್ಯವೆಂದು ತಿಳಿಯಬೇಕು.

ಮೀಸಲನ್ನು ಮುಟ್ಟುವುದಕ್ಕೂ ಒಂದು ನಿಯಮವಿರಲಿ. ಮದುವೆ, ಬೈಕು, ಗೃಹಪ್ರವೇಶ ಇವು ಆಪತ್ತುಗಳಲ್ಲ. 2020ರ ಮೇ ತಿಂಗಳ ನಿಯಮದಂತೆ 50 ಮಂದಿಯಲ್ಲೇ ನಡೆದ ಮದುವೆಗಳೂ ಮದುವೆಗಳೇ ಆದವು. ಸಾಲವಿಲ್ಲದೆ ಸಂಸಾರ ಹೂಡಿದ ಆ ಜೋಡಿಗಳಿಗೆ ಅದರಿಂದ ಕೊರತೆಯೇನೂ ಆಗಲಿಲ್ಲ.

ಮೂರನೆಯ ಹೆಜ್ಜೆ: ಸಾಲವನ್ನು ಅರಿತು ನಡೆಯುವುದು

2020ರಲ್ಲಿ ರಿಸರ್ವ್ ಬ್ಯಾಂಕು ಅವಧಿ ಸಾಲದ ಕಂತುಗಳನ್ನು ಮಾರ್ಚ್ 1ರಿಂದ ಮೂರು ತಿಂಗಳು, ಮತ್ತೆ ಮೂರು ತಿಂಗಳು, ಹೀಗೆ ಆಗಸ್ಟ್ 31ರವರೆಗೆ ಮುಂದೂಡಲು ಅವಕಾಶ ಕೊಟ್ಟಿತು. ಹಲವರು ಇದನ್ನು ಮನ್ನಾ ಎಂದೇ ಭಾವಿಸಿದರು. ಅದು ಮನ್ನಾ ಅಲ್ಲ, ಮುಂದೂಡಿಕೆ. ಶೇ. 12ರ ಬಡ್ಡಿಯಲ್ಲಿ 1 ಲಕ್ಷ ರೂ. ಸಾಲವಿದ್ದರೆ ಆರು ತಿಂಗಳು ಸುಮ್ಮನಿದ್ದುದಕ್ಕೆ 6,000 ರೂ.ಗಿಂತ ಕಡಿಮೆ ಇಲ್ಲದ ಬಡ್ಡಿ ಏರಿತು. ಬಡ್ಡಿಯ ಮೇಲೆ ಬಡ್ಡಿ ಹಾಕಕೂಡದೆಂದು ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚ್ 23ರಂದು ತೀರ್ಪು ಕೊಟ್ಟಿತಾದರೂ ಮೂಲಬಡ್ಡಿ ಉಳಿದೇ ಉಳಿಯಿತು. ಕೈಯಲ್ಲಿ ಹಣವಿದ್ದವರಿಗೆ ಕಂತು ಕಟ್ಟುವುದೇ ಲಾಭ. ಇಲ್ಲದವರಿಗೆ ಮುಂದೂಡಿಕೆ ಉಸಿರು ಬಿಡಲು ಸಿಕ್ಕ ಸಮಯ. ಎರಡನ್ನೂ ತಿಳಿದು ಆರಿಸಬೇಕು.

ಬೆಳೆಸಾಲದ ಮಾತು ಬೇರೆ. ಆ ವರ್ಷ ಮಾರ್ಚ್ 1ರ ನಂತರ ಗಡುವು ಬರುವ 3 ಲಕ್ಷ ರೂ.ವರೆಗಿನ ಅಲ್ಪಾವಧಿ ಸಾಲಗಳಿಗೆ ಆಗಸ್ಟ್ 31ರೊಳಗೆ ಕಟ್ಟಿದರೂ ಬಡ್ಡಿ ರಿಯಾಯಿತಿ ಸಿಗುವಂತೆ ಕೇಂದ್ರ ಸರಕಾರ ಅವಕಾಶ ಮಾಡಿತು. ಇಂತಹ ಆದೇಶಗಳು ಬಂದಾಗ ಕೇಳಿದ ಸುದ್ದಿಯನ್ನು ನಂಬದೆ ಸಂಘದ ಕಾರ್ಯದರ್ಶಿಯವರಲ್ಲೇ ವಿಚಾರಿಸಿ, ಗಡುವಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಕಂತು ಮುಂದೂಡಿಸಿಕೊಡುತ್ತೇವೆ ಎಂದು ಫೋನು ಮಾಡಿ ಒಟಿಪಿ ಕೇಳಿ ಖಾತೆ ಬರಿದು ಮಾಡಿದ ವಂಚಕರೂ ಅದೇ ದಿನಗಳಲ್ಲಿ ಹುಟ್ಟಿಕೊಂಡರು. ಯಾವ ಬ್ಯಾಂಕೂ, ಯಾವ ಸಂಘವೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ತಿಳಿಸಿಡಬೇಕು.

ಸಾಲ ಮಾಡಲೇಬೇಕಾದಾಗ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ನೋಡಿ. ತಿಂಗಳಿಗೆ ‘ನೂರಕ್ಕೆ ಮೂರು’ ಎಂಬುದು ಕೇಳಲು ಸಣ್ಣದು; ವರ್ಷಕ್ಕೆ ಅದು ಶೇ. 36. ಐವತ್ತು ಸಾವಿರಕ್ಕೆ ತಿಂಗಳಿಗೆ 1,500 ರೂ. ಬಡ್ಡಿ. ಅದೇ ಹಣವನ್ನು ಶೇ. 12ರಲ್ಲಿ ಚಿನ್ನದ ಮೇಲೆ ಪಡೆದರೆ 500 ರೂ. ಪೆಟ್ಟಿಗೆಯಲ್ಲಿ ಬಳೆ ಇಟ್ಟುಕೊಂಡು ಮರ್ಯಾದೆಗೆ ಅಂಜಿ ಕೈಸಾಲಕ್ಕೆ ಹೋಗುವುದು ವಿವೇಕವಲ್ಲ. ಆದರೆ ಅಡವಿಟ್ಟ ಬಳೆಯನ್ನು ಬಿಡಿಸುವ ತಿಂಗಳನ್ನು ಇಡುವ ದಿನವೇ ನಿಶ್ಚಯಿಸಬೇಕು.

ನಾಲ್ಕನೆಯ ಹೆಜ್ಜೆ: ಬೆಳೆಯನ್ನು ತುಂಡು ತುಂಡಾಗಿ ಮಾರುವುದು

ಒಣಗಿದ ಕಾಳುಮೆಣಸು ಸರಿಯಾಗಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹತ್ತು ಕಿಲೋ, ಇಪ್ಪತ್ತು ಕಿಲೋ ಎಂದು ಬೇಕಾದಷ್ಟೇ ಮಾರಬಹುದು. ಅದು ಅಟ್ಟದ ಮೇಲಿನ ಠೇವಣಿ ಇದ್ದಂತೆ. ಚೆನ್ನಾಗಿ ಒಣಗಿದ ಚಾಲಿ ಅಡಿಕೆಯೂ ಗಾಳಿಯಾಡದಂತೆ ಕಟ್ಟಿಟ್ಟರೆ ಕಾಯುತ್ತದೆ. ಹಸಿ ಉಳಿದಿದ್ದರೆ ಬೂಸ್ಟು ಬಂದು ದರ್ಜೆ ಇಳಿಯುತ್ತದೆ. ಕಾಫಿ ಚೆರಿ ಮಳೆಗಾಲದ ತೇವವನ್ನು ಹೀರುವುದರಿಂದ ಸರಿಯಾದ ಗೋದಾಮಿಲ್ಲದೆ ಮನೆಯಲ್ಲಿ ಹಿಡಿದಿಡುವುದು ಅಪಾಯ. ಆದುದರಿಂದ ಮಾರುವ ಕ್ರಮ ಹೀಗಿರಲಿ: ಕಾಫಿ ಮೊದಲು, ಅಡಿಕೆ ಭಾಗ ಭಾಗವಾಗಿ, ಕಾಳುಮೆಣಸು ಕೊನೆಗೆ.

ಎಲ್ಲವನ್ನೂ ಒಂದೇ ದಿನ ಮಾರದೆ, ಎಲ್ಲವನ್ನೂ ಧಾರಣೆಯ ಆಸೆಗೆ ಕಟ್ಟಿಡದೆ, ಮೂರು ಪಾಲು ಮಾಡುವುದು ಕ್ಷೇಮ. 2020ರಲ್ಲಿ ಧಾರಣೆ ಏರಿತೆಂದು ಪ್ರತಿ ಸಲವೂ ಏರುತ್ತದೆಂದು ತಿಳಿಯಬಾರದು. 1970ರ ದಶಕದ ಮೊದಲಲ್ಲಿ ಅಡಿಕೆಯ ಬೆಲೆ ನೆಲಕಚ್ಚಿದಾಗ ಕಾದವರೂ ಸೋತರು. ಆ ಸಂಕಟದಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು. ನಗದಿನ ತುರ್ತಿಗೆ ಬೆಳೆಯನ್ನು ಮಾರುವ ಬದಲು ಸಂಘದ ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ದಾರಿಯೂ ಇದೆ. 30,000 ರೂ.ಗೆ ಶೇ. 12ರಂತೆ ಐದು ತಿಂಗಳ ಬಡ್ಡಿ 1,500 ರೂ. ನಾಲ್ಕು ಕ್ವಿಂಟಾಲ್ ಅಡಿಕೆಗೆ ಕಿಲೋಗೆ 4 ರೂ. ಹೆಚ್ಚು ಸಿಕ್ಕರೂ ಆ ಬಡ್ಡಿ ಹುಟ್ಟುತ್ತದೆ.

ಮನೆಯ ಖರ್ಚಿಗೆ ಕಷ್ಟವೆಂದು ತೋಟದ ಎಲ್ಲಾ ಖರ್ಚನ್ನು ಕಡಿಯುವುದೂ ಸರಿಯಲ್ಲ. ಬೇಲಿ, ಹೊಸ ಗುಂಡಿ, ಕಟ್ಟೆ ರಿಪೇರಿ ಒಂದು ವರ್ಷ ಕಾದಾವು. ಮುಂಗಾರಿಗೆ ಮೊದಲಿನ ಬೋರ್ಡೋ ಸಿಂಪಡಣೆ ಕಾಯುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದನ್ನು ಉಳಿಸಲು ಹೋಗಿ ಕೊಳೆರೋಗಕ್ಕೆ ಗೊನೆಗಳನ್ನು ಒಪ್ಪಿಸಿದರೆ ಮುಂದಿನ ವರ್ಷದ ಮನೆಖರ್ಚೇ ಉದುರಿಹೋಗುತ್ತದೆ. ಮೈಲುತುತ್ತನ್ನು ಮೇ ಕೊನೆಯವರೆಗೆ ಕಾಯದೆ ಫೆಬ್ರವರಿಯಲ್ಲೇ ತಂದಿಡುವುದು ಲಾಕ್‌ಡೌನ್ ಕಲಿಸಿದ ಒಳ್ಳೆಯ ಅಭ್ಯಾಸ.

ಐದನೆಯ ಹೆಜ್ಜೆ: ದಿನಚರಿ ಮತ್ತು ಅಡುಗೆಮನೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ತೋಟಗಳಲ್ಲಿ ಹಲಸು, ಬಾಳೆ, ಬಾಳೆದಿಂಡು, ನುಗ್ಗೆ, ಬಸಳೆ, ಒಂದೆಲಗಕ್ಕೆ ಕೊರತೆ ಇಲ್ಲ. ಪೇಟೆಯ ತರಕಾರಿ ನಿಂತ ಆ ದಿನಗಳಲ್ಲಿ ಎಷ್ಟೋ ಮನೆಗಳು ಹಲಸಿನ ಹಪ್ಪಳವನ್ನೂ ಉಪ್ಪಿನಲ್ಲಿಟ್ಟ ಸೊಳೆಯನ್ನೂ ಮತ್ತೆ ಮಾಡತೊಡಗಿದವು. ಬಚ್ಚಲು ನೀರು ಹರಿಯುವ ಕಡೆ ನಾಲ್ಕು ಬಸಳೆ ಬಳ್ಳಿ, ಒಂದು ನುಗ್ಗೆ ಮರ, ಎರಡು ಸಾಲು ಅಲಸಂಡೆ ಇದ್ದರೆ ವಾರಕ್ಕೆ ನಾಲ್ಕು ದಿನದ ಪದಾರ್ಥವಾಯಿತು. ಹಾಲಿನ ಸಂಘಗಳ ಸಂಗ್ರಹ ಬಹುಮಟ್ಟಿಗೆ ನಡೆದುಕೊಂಡು ಬಂದುದರಿಂದ ಹಸುವಿದ್ದ ಮನೆಗೆ ಕೈಖರ್ಚು ನಿಲ್ಲಲಿಲ್ಲ ಎಂಬುದನ್ನೂ ನೆನಪಿಡಬೇಕು. ನಿತ್ಯದ ಔಷಧಿಗಳನ್ನು ಮುಗಿದ ಮೇಲೆ ತರುವ ಬದಲು, ಸದಾ ಒಂದು ತಿಂಗಳದ್ದು ಮುಂದಾಗಿ ಇರುವಂತೆ ನೋಡಿಕೊಳ್ಳಬೇಕು.

ಎಲ್ಲರೂ ಹಗಲಿಡೀ ಮನೆಯಲ್ಲೇ ಇದ್ದಾಗ ಕೆಲಸವೆಲ್ಲ ಒಬ್ಬರ ತಲೆಗೇ ಬೀಳುವುದುಂಟು. ಮೂರು ಹೊತ್ತಿನ ಅಡುಗೆ, ಮಕ್ಕಳ ಪಾಠ, ಕೊಟ್ಟಿಗೆ, ಹಿರಿಯರ ಆರೈಕೆ ಇವನ್ನು ಹಂಚಿಕೊಂಡ ಮನೆಗಳಲ್ಲಿ ಜಗಳ ಕಡಿಮೆಯಾಯಿತು. ಮೊಬೈಲು ಪಾಠಕ್ಕೆ ಸಿಗ್ನಲ್ ಸಿಗದೆ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ. ಎರಡು ಮೂರು ಮನೆಯ ಮಕ್ಕಳು ಒಂದೇ ಫೋನಿನಲ್ಲಿ ಕೂಡಿ ಕಲಿಯುವ ಏರ್ಪಾಡು ಖರ್ಚನ್ನೂ ಉಳಿಸಿತು, ಒಂಟಿತನವನ್ನೂ ನೀಗಿತು.

ನಮ್ಮ ಕೆಲಸದವರ ಮನೆಯನ್ನೂ ಲೆಕ್ಕದಲ್ಲಿ ಸೇರಿಸಬೇಕು. ಕಾಫಿ ತೋಟಗಳಿಗೆ 2020ರ ಏಪ್ರಿಲ್ 20ರಿಂದ ಅರ್ಧದಷ್ಟು ಆಳುಗಳೊಂದಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಕೂಲಿಯನ್ನೇ ನಂಬಿದ ಮನೆಗಳ ಒಲೆ ಹೇಗೆ ಉರಿಯಬೇಕಿತ್ತು? ಅಕ್ಕಿ, ತೆಂಗಿನಕಾಯಿ, ಸ್ವಲ್ಪ ಮುಂಗಡ ಕೊಟ್ಟು ಜತೆಗೆ ನಿಂತ ತೋಟಗಳಿಗೆ ಮಳೆ ಹಿಡಿಯುವ ಮುನ್ನ ಔಷಧಿ ಸಿಂಪಡಿಸಲು ಆಳು ಹುಡುಕುವ ಕಷ್ಟ ಬರಲಿಲ್ಲ. ಮೀಸಲು ಹಣದಲ್ಲಿ ಇದಕ್ಕೂ ಒಂದು ಪಾಲು ಇರಲಿ.

ಆರನೆಯ ಹೆಜ್ಜೆ: ಕಾಗದಪತ್ರ

ಇದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಲೇಬೇಕು. 2021ರ ಎರಡನೆಯ ಅಲೆಯಲ್ಲಿ ಯಜಮಾನರನ್ನು ಕಳೆದುಕೊಂಡ ಮನೆಗಳಲ್ಲಿ ಹಲವಕ್ಕೆ ಯಾವ ಬ್ಯಾಂಕಿನಲ್ಲಿ ಏನಿದೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಂಬುದೇ ತಿಳಿದಿರಲಿಲ್ಲ. ದುಃಖದ ಮೇಲೆ ಅಲೆದಾಟವೂ ಸೇರಿತು.

ಒಂದು ಕಡತದಲ್ಲಿ ಪಾಸ್‌ಬುಕ್ಕು, ಠೇವಣಿ ರಶೀದಿ, ಸಂಘದ ಷೇರು ಪತ್ರ, ಪಹಣಿ, ವಿಮೆ ಪತ್ರ, ಸಾಲದ ವಿವರ, ಅಡವಿಟ್ಟ ಚೀಟಿ ಇವೆಲ್ಲ ಇರಲಿ. ಕೈಬದಲು ಕೊಟ್ಟದ್ದು, ತಂದದ್ದು ಬರೆದಿರಲಿ. ಪ್ರತಿ ಖಾತೆಗೂ ಷೇರಿಗೂ ನಾಮನಿರ್ದೇಶನ ಆಗಿದೆಯೇ ನೋಡಿ. ಮದುವೆಗೆ ಮೊದಲು ಬರೆಸಿದ ಹೆಸರು ಹಾಗೆಯೇ ಉಳಿದಿರುವುದುಂಟು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗೆ ಸೇರಬಹುದು. ಮರಣಕ್ಕೆ 2 ಲಕ್ಷ ರೂ. ಪರಿಹಾರವಿದೆ. ಜೂನ್ 1ರಿಂದ ಹೊಸ ವರ್ಷ ಆರಂಭವಾಗುವುದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಕಂತಿನ ಹಣ ಇಲ್ಲದಿದ್ದರೆ ವಿಮೆ ತಪ್ಪಿಹೋಗುತ್ತದೆ. 2003ರಲ್ಲಿ ಸಹಕಾರಿಗಳಿಗೆಂದು ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಆರೋಗ್ಯ ಯೋಜನೆ ಕೋವಿಡ್ ನಂತರ ಮತ್ತೆ ಚಾಲನೆಗೆ ಬಂದಿದೆ. ನೋಂದಣಿಯ ಅವಧಿಯನ್ನು ಸಂಘದಲ್ಲಿ ಕೇಳಿ ತಿಳಿದುಕೊಳ್ಳಿ.

ಈ ಕಡತ ಎಲ್ಲಿದೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

ಈ ಪಾಠವನ್ನು ಓದಿ ಬದಿಗಿಡದೆ, ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿ ಕೋರುತ್ತೇವೆ.

1. ನಮ್ಮ ಮನೆಯ ‘ನಿಲ್ಲಿಸಲಾಗದ ಖರ್ಚು’ ತಿಂಗಳಿಗೆ ಎಷ್ಟು?
2. ನಾಳೆಯೇ ದಾರಿ ಮುಚ್ಚಿದರೆ, ಬೆಳೆ ಮಾರದೆ, ಸಾಲ ಮಾಡದೆ ಎಷ್ಟು ದಿನ ನಡೆಸಬಲ್ಲೆವು?
3. ನಮ್ಮ ಎಲ್ಲಾ ಸಾಲಗಳ ಬಡ್ಡಿ ವರ್ಷಕ್ಕೆ ಶೇಕಡಾ ಎಷ್ಟು? ಮೊದಲು ತೀರಿಸಬೇಕಾದುದು ಯಾವುದು?
4. ಈ ಬಾರಿಯ ಮೊದಲ ಮಾರಾಟದಿಂದ ಮೀಸಲಿಗೆ ಎಷ್ಟು ಎತ್ತಿಡುತ್ತೇವೆ?
5. ಕಾಗದಪತ್ರಗಳ ಕಡತ ಎಲ್ಲಿದೆ? ಬಲ್ಲವರು ಯಾರು ಯಾರು?

ಎರಡನೆಯ ಪ್ರಶ್ನೆಗೆ ಮೂವತ್ತು ದಿನಕ್ಕಿಂತ ಕಡಿಮೆ ಉತ್ತರ ಬಂದ ಮನೆಯವರು ಮುಂದಿನ ಮಾರಾಟದ ದಿನವೇ ಸಂಘಕ್ಕೆ ಬಂದು ಮೀಸಲು ಖಾತೆಯನ್ನು ತೆರೆಯಲಿ. ಮೊತ್ತ ಸಣ್ಣದೆಂದು ಸಂಕೋಚ ಬೇಡ. ಕಟ್ಟಿಗೆಯನ್ನೂ ನಾವು ಒಂದೇ ದಿನ ಒಟ್ಟುವುದಿಲ್ಲ. ಬೇಸಿಗೆಯಿಡೀ ದಿನಕ್ಕೊಂದು ಹೊರೆ ತಂದು ಹಾಕುತ್ತೇವೆ.